ಗಿಲ್‌ರಾಯ್‌ಗೆ ಅಡೆಗಲ್ಲು ತರಲು ಹೋದದ್ದು

ಎಂಬತ್ತರ ದಶಕದ ನಡುಭಾಗ, ಆಗಸ್ಟ್ ತಿಂಗಳು. ಶನಿವಾರ ಬೆಳಿಗ್ಗೆ ನಾವು ಯೂನಿಯನ್ ಸಿಟಿಯ ಮನೆ ಬಿಟ್ಟಾಗ ಕೊಲ್ಲಿಯ ಕಡೆಯಿಂದ ಬಂದ ಮಂಜು ಇನ್ನೂ ಕರಗಿರಲಿಲ್ಲ. ಆಗಸ್ಟ್ ಎಂದರೆ ಅಮೆರಿಕದ ಈ ಮೂಲೆಯಲ್ಲಿ ಬೇಸಿಗೆ. ಆದರೂ ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಅದನ್ನು ಎಲ್ಲಿಡುವುದೆಂದು ತಿಳಿಯುವುದಿಲ್ಲ. ನಮ್ಮ ಹಳೆಯ ಸ್ಟೇಷನ್ ವ್ಯಾಗನ್ನಿನ ಹಿಂದಿನ ಸೀಟು ಮಡಿಸಿ, ಹಳೇ ಹಾಸಿಗೆ ಹಾಸಿ, ಹಗ್ಗದ ಸುರುಳಿಗಳನ್ನು ಇಟ್ಟುಕೊಂಡಿದ್ದೆವು. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ ಗಿರಿಜೆ, ಅವಳ ಕಾಲ ಬಳಿ ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನದ ಡಬ್ಬಿಗಳು. ಸಡಗರ ನೋಡಿದವರು ಸೊಸೆಯನ್ನು ಮನೆ ತುಂಬಿಸಿಕೊಳ್ಳಲು ಹೊರಟಿದ್ದಾರೆ ಅಂದುಕೊಳ್ಳಬೇಕು. ನಾವು ತರಲು ಹೊರಟದ್ದು ಒಂದು ಅಡೆಗಲ್ಲನ್ನು, ಎಂದರೆ ಕಮ್ಮಾರರು ಕಾದ ಕಬ್ಬಿಣವಿಟ್ಟು ಬಡಿಯುವ ಉಕ್ಕಿನ ದಿಮ್ಮಿಯನ್ನು.

ಗಿರಿಜೆ ಮಕ್ಕಳ ಡಾಕ್ಟರು. ವಾರವೆಲ್ಲ ಕೂಸುಗಳಿಗೆ ಸೂಜಿ ಚುಚ್ಚಿ ಅಳಿಸುತ್ತಾಳೆ, ವಾರದ ಕೊನೆಗೆ ಗ್ಯಾರೇಜಿನಲ್ಲಿ ಕಬ್ಬಿಣ ಕಾಯಿಸಿ ಚಾಕು ಮಾಡುತ್ತಾಳೆ. ಅವಳದು ಗೋಕಾಕದ ಕಡೆಯ ಕಮ್ಮಾರರ ಮನೆ. ಅಜ್ಜನ ಕುಲುಮೆಯಲ್ಲಿ ತಿದಿ ಊದುವುದು ಹೆಣ್ಣುಮಕ್ಕಳ ಕೆಲಸ, ಸುತ್ತಿಗೆ ಮಾತ್ರ ಅವರ ಕೈಗೆ ಕೊಡುತ್ತಿರಲಿಲ್ಲವಂತೆ. ಆ ಹಟವನ್ನು ಅವಳು ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಅಮೆರಿಕದಲ್ಲಿ ತೀರಿಸಿಕೊಳ್ಳುತ್ತಿದ್ದಳು. ತಿದಿಯ ಬದಲು ಕೂದಲು ಒಣಗಿಸುವ ಯಂತ್ರ, ಅಡೆಗಲ್ಲಿನ ಬದಲು ರೈಲು ಹಳಿಯ ತುಂಡು. ಹೊಡೆದಾಗಲೆಲ್ಲ ಹಳಿ ಕುಣಿಯುತ್ತಿತ್ತು, ಪೆಟ್ಟು ಸರಿಯಾಗಿ ಬೀಳುತ್ತಿರಲಿಲ್ಲ. "ಒಂದ್ ಛಲೋ ಅಡಿಗಲ್ಲ ಸಿಕ್ರ ಸಾಕ್ರೀ, ಮತ್ತೇನೂ ಕೇಳಂಗಿಲ್ಲ" ಎನ್ನುತ್ತಿದ್ದಳು. ನಾನು ಬಸವನಗುಡಿಯವನು, ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಕೂತು ಸೇತುವೆಯ ನಕ್ಷೆ ಬರೆಯುವವನು. ನನ್ನ ಪಾಲಿನ ಕೆಲಸ ಕಾರು ಓಡಿಸುವುದು, ಬೆಂಕಿ ಹತ್ತಿದರೆ ಓಡಿ ಬಂದು ನೀರು ಸುರಿಯುವುದು.

ಆ ವಾರ ಸ್ಯಾನ್ ಹೋಸೆಯ ಹಾರ್ಡ್‌ವೇರ್ ಅಂಗಡಿಯವರೊಬ್ಬರು ಅವಳಿಗೆ ವಾಲ್ಟರ್ ಎಂಬ ಮುದುಕರ ಫೋನ್ ನಂಬರು ಕೊಟ್ಟಿದ್ದರು. ಗಿಲ್‌ರಾಯ್‌ನ ಹೊರಗೆ ಅಪ್ಪನ ಕಾಲದಿಂದ ನಡೆದ ಕುಲುಮೆ, ಈಗ ಜಾಗ ಮಾರಾಟವಾಗಿದೆ, ಸೋಮವಾರ ಅವರು ಆರಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೊರಡುತ್ತಾರೆ ಎಂಬ ಸುದ್ದಿ. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಚಾಕುವಿನ ಹಿಡಿಗೆ ಕೊಂಬು ಬೇಕಾದಷ್ಟಿದೆ. ಅಡೆಗಲ್ಲೂ ಇದೆ. ಕೆಲಸ ಮಾಡೋ ಕೈಗೆ ಹೋಗೋದಾದರೆ ದುಡ್ಡು ಬೇಡ. ಬಂದು ನೋಡಿ."

ಇಷ್ಟಾದ ಮೇಲೆ ಶನಿವಾರವೇ ಹೋಗಿ ತರಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಶನಿವಾರ ಕಬ್ಬಿಣ ಕೊಳ್ಳಬಾರದು, ಮನೆಗೆ ತರಬಾರದು ಎಂಬ ಮಾತು ನಮ್ಮ ಮನೆಗಳಲ್ಲೂ ಇತ್ತು, ಆದರೆ ಗಿರಿಜೆಯ ಮನೆಯಲ್ಲಿ ಅದು ಮಾತಾಗಿರಲಿಲ್ಲ, ಕಟ್ಟಳೆಯಾಗಿತ್ತು. ಇನ್ನೊಬ್ಬರ ಕಬ್ಬಿಣವನ್ನು ಆ ದಿನ ಅವಳಜ್ಜ ಕೈಯಿಂದಲೂ ಮುಟ್ಟುತ್ತಿರಲಿಲ್ಲವಂತೆ.

"ಶನಿವಾರ ನೋಡೂದು, ಕೊಂಬು ತಗೊಳ್ಳೂದು. ಐತವಾರ ಕಬ್ಬಣ ಹೇರ್ಕೊಂಡ್ ಬರೂದು" ಎಂದು ಅವಳ ತೀರ್ಮಾನ.

"ಶನಿಮಹಾತ್ಮನಿಗೆ ಅಮೆರಿಕದ ವೀಸಾ ಸಿಕ್ಕಿದ್ಯಾ ಅಂತ ವಿಚಾರಿಸ್ಕೊಂಡ್ಯಾ?" ಎಂದೆ.

"ನಕ್ಕೋಳ್ರಿ ನಕ್ಕೋಳ್ರಿ" ಎಂದು ಅವಳೂ ನಕ್ಕಳು.

ಸ್ಯಾನ್ ಹೋಸೆ ದಾಟುವ ಮೊದಲು ಹಳೇ ಕಾರುಗಳ ಗುಜರಿಯೊಂದರಲ್ಲಿ ನಿಂತೆವು. ಒಳಗೆ ಹೋಗಲು ತಲೆಗೆ ಒಂದು ಡಾಲರ್. ತಗಡಿನ ಬೇಲಿಯ ಹಿಂದೆ ಸತ್ತ ಕಾರುಗಳು ಸಾಲಾಗಿ ಬಾಯಿ ತೆರೆದುಕೊಂಡು ನಿಂತಿದ್ದವು. ನನಗೆ ಅಲ್ಲಿ ಕಂಡದ್ದು ತುಕ್ಕು, ಗಿರಿಜೆಗೆ ಕಂಡದ್ದು ಚಾಕು, ಕೊಡಲಿ, ಈಳಿಗೆಮಣೆ. ಲಾರಿಯ ಕೆಳಗಿನ ಕಮಾನು ಪಟ್ಟಿ ಒಳ್ಳೆಯ ಉಕ್ಕು, ಬಾಗಿಸಿದರೂ ಮತ್ತೆ ಬರುತ್ತದೆ, ಹದ ಕೊಟ್ಟರೆ ಅಲಗು ನಿಲ್ಲುತ್ತದೆ ಎಂದು ವಿವರಿಸಿದಳು. ಮುಟ್ಟಲಿಲ್ಲ. ತನಗೆ ಬೇಕಾದ ಪಟ್ಟಿಗಳನ್ನು ಬೆರಳು ಮಾಡಿ ತೋರಿಸಿದಳು, ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅಂಗಡಿಯ ಹೆಂಗಸು ಸಿಗರೇಟು ಬಾಯಲ್ಲಿಟ್ಟುಕೊಂಡೇ, ನಾಳೆ ಮಧ್ಯಾಹ್ನದವರೆಗೆ ಯಾರಿಗೂ ಕೊಡುವುದಿಲ್ಲ ಎಂದಳು. ಯಾಕೆ ನಾಳೆ ಎಂದು ಕೇಳಲಿಲ್ಲ. ಕೆಲಸ ಹೂ ಎತ್ತಿದ ಹಾಗೆ ಆಯಿತಲ್ಲ ಎಂದು ನಮಗೆ ಇಬ್ಬರಿಗೂ ಹಿಗ್ಗು.

ಅಲ್ಲಿಂದ ದಕ್ಷಿಣಕ್ಕೆ ಮೂವತ್ತು ಮೈಲಿ. ಎರಡೂ ಕಡೆ ಒಣಹುಲ್ಲಿನ ಬಣ್ಣದ ಗುಡ್ಡಗಳು, ನಡುನಡುವೆ ಒಂಟಿ ಓಕ್ ಮರ. ಗಿಲ್‌ರಾಯ್ ಇನ್ನೂ ಕಾಣುವ ಮೊದಲೇ ಅದರ ವಾಸನೆ ಬಂತು. ಬೆಳ್ಳುಳ್ಳಿಯ ಊರು ಅದು, ಕೊಯ್ಲಿನ ಕಾಲ. ಕಿಟಕಿ ಇಳಿಸಿದರೆ ಯಾರೋ ಹತ್ತಿರದಲ್ಲೇ ಬೇಳೆಸಾರಿಗೆ ಒಗ್ಗರಣೆ ಹಾಕಿದಂತೆ. ಹಸಿವು ತಡೆಯದೆ ರಸ್ತೆ ಬದಿಯ ಹಣ್ಣಿನ ಅಂಗಡಿಯ ನೆರಳಲ್ಲಿ ಚಪಾತಿ ಬಿಚ್ಚಿದೆವು. ಬಿಸಿಲು ಆಗಲೇ ಸುಡುತ್ತಿತ್ತು. ಕಾರಿಗೆ ಪೆಟ್ರೋಲು ತುಂಬಿಸಿದೆ. ಗ್ಯಾಲನ್ನಿಗೆ ಡಾಲರಿನ ಮೇಲೆ ಚಿಲ್ಲರೆ.

ವಾಲ್ಟರ್ ಮನೆ ಊರಿನಾಚೆ, ಏಪ್ರಿಕಾಟ್ ತೋಟ ಕಡಿದು ಬಯಲು ಮಾಡಿದ ಜಾಗದ ಅಂಚಿನಲ್ಲಿತ್ತು. ನೆಲದಲ್ಲೆಲ್ಲ ಹೊಸ ಮನೆಗಳ ಗುರುತಿಗೆ ಗೂಟ ಹೊಡೆದು ಕೆಂಪು ರಿಬ್ಬನ್ನು ಕಟ್ಟಿದ್ದರು. ವಾಲ್ಟರ್ ಎಂಬತ್ತರ ಹತ್ತಿರದವರು, ಉದ್ದ ದೇಹ, ಬಾಗಿದ ಹೆಗಲು, ಮಾತು ಕಡಿಮೆ. ಕೈ ಕುಲುಕಿದಾಗ ಗಿರಿಜೆಯ ಅಂಗೈ ತಿರುಗಿಸಿ ನೋಡಿ, ಅಲ್ಲಿನ ಜಡ್ಡು ಕಂಡು, ಹುಬ್ಬು ಮೇಲೇರಿಸಿದರು. ಅವಳಿಗೆ ಅದರಿಂದ ಆದ ಸಂತೋಷ ನಾನು ಕೊಡಿಸಿದ ಯಾವ ಸೀರೆಯಿಂದಲೂ ಆಗಿರಲಿಲ್ಲ.

ಮೊದಲು ಕೊಂಬು. ಹಳೆಯ ಪೀಪಾಯಿ ತುಂಬ ಜಿಂಕೆಯ ಕವಲುಗೊಂಬುಗಳು. ಇದಕ್ಕಾಗಿ ಯಾವ ಪ್ರಾಣಿಯನ್ನೂ ಕೊಂದಿರುವುದಿಲ್ಲ. ಗಂಡು ಜಿಂಕೆ ವರ್ಷಕ್ಕೊಮ್ಮೆ ಕೊಂಬು ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ, ದನ ಕಾಯುವವರು ಗುಡ್ಡದಲ್ಲಿ ಬಿದ್ದದ್ದನ್ನು ಆರಿಸಿ ತಂದು ಕೊಡುತ್ತಿದ್ದರಂತೆ. ಗಿರಿಜೆ ಪೀಪಾಯಿಯೊಳಗೆ ಮೊಣಕೈವರೆಗೆ ಕೈಯಿಳಿಸಿದಳು. ಒಂದೊಂದನ್ನೂ ತೂಗಿ, ಉಗುರಿನಿಂದ ಗೀರಿ, ಒಂದಕ್ಕೊಂದು ತಟ್ಟಿ ಶಬ್ದ ಕೇಳಿ, ಬಿಸಿಲಿಗೆ ಬಿರುಕು ಬಿಟ್ಟದ್ದನ್ನು ಹಿಂದಕ್ಕೆ ಹಾಕಿದಳು.

"ಚಾಕುವಿನ ಹಿಡಿಗೆ ನಿಮ್ಮ ದೇಶದ ಕಡವೆ ಕೊಂಬಿಗಿಂತ ಒಳ್ಳೇದು ಇಲ್ಲ. ಅಷ್ಟು ದೂರದಿಂದ ಬಂದು ನನ್ನ ಹತ್ತಿರ ಕೇಳ್ತೀರಲ್ಲ!" ಎಂದು ವಾಲ್ಟರ್ ನಕ್ಕರು. ಅವರು ನಕ್ಕಿದ್ದು ಅದೊಂದೇ ಸಲ.

ಕೊಂಬುಗಳನ್ನು ಗೋಣಿಗೆ ತುಂಬಿ ನಾನು ಕಾರಿಗೆ ಹೊತ್ತು ಹಾಕುತ್ತಿದ್ದಾಗ ಅವರಿಬ್ಬರೂ ಕುಲುಮೆಯ ಒಳಕ್ಕೆ ಹೋದರು. ಗೋಣಿ ಇಟ್ಟು ನಾನೂ ಒಳಗೆ ಹೋಗಿ ನೋಡಿದೆ. ಎದೆಯಗಲದ ಮರದ ಕೊರಡಿನ ಮೇಲೆ ಅಡೆಗಲ್ಲು ಕೂತಿತ್ತು. ಕಪ್ಪು ಮೈ, ನಡುವೆ ಮಾತ್ರ ಬಡಿದು ಬಡಿದು ಬೆಳ್ಳಗೆ ಹೊಳೆಯುವ ಮುಖ, ಒಂದು ತುದಿ ಎಮ್ಮೆಯ ಕೊಂಬಿನಂತೆ ಚೂಪು. ವಾಲ್ಟರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ದೇವರ ಮನೆಯ ಗಂಟೆ ಹೊಡೆದ ಹಾಗೆ ಉದ್ದಕ್ಕೆ ನಾದ ಬಂತು. ಗಿರಿಜೆಯ ಕಣ್ಣಲ್ಲಿ ನೀರು. ವಾಲ್ಟರ್ ಸುತ್ತಿಗೆಯ ಹಿಡಿಯನ್ನು ಅವಳ ಕಡೆ ಚಾಚಿದರು.

ಗಿರಿಜೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಬಗ್ಗಿ ನೋಡಿದಳು, ಸುತ್ತ ಬಂದು ನೋಡಿದಳು, ಕೈ ಮಾತ್ರ ಬಿಡಿಸಲಿಲ್ಲ. "ತುಂಬಾ ಚೆನ್ನಾಗಿದೆ. ನಾಳೆ ಬರ್ತೀವಿ" ಎಂದು ಇಂಗ್ಲಿಷಿನಲ್ಲಿ ಹೇಳಿ ತಲೆಯನ್ನು ಅತ್ತ ಇತ್ತ ಆಡಿಸಿದಳು. ನಮ್ಮಲ್ಲಿ ಅದು ಒಪ್ಪಿಗೆ. "ನಾಳೆ" ಎಂದು ವಾಲ್ಟರ್ ಮೆಲ್ಲಗೆ ಹೇಳಿ ಸುತ್ತಿಗೆಯನ್ನು ಮೊಳೆಗೆ ನೇತುಹಾಕಿದರು.

ಕಾರಿನಲ್ಲಿ ನಾನು, "ಶನಿವಾರದ ವಿಷ್ಯ ಹೇಳಿಬಿಡಬಹುದಿತ್ತಲ್ಲ" ಎಂದೆ.

"ಹೇಳಿದ್ರ ಏನಂತಾರ? ಓದಿದ ಡಾಕ್ಟರ್ ಆಗಿ ಹಿಂಗಂತಾಳ ಅಂತ ನಗ್ತಾರ. ಮೊದ್ಲೇ ಸೀರಿ ಉಟ್ಟಾಕಿ ಕುಲುಮಿ ಇಟ್ಟಾಳಂದ್ರ ನಗೋ ಮಂದಿ. ನಾಳಿಗೆ ಬರ್ತೀವಿ ಅಂದೀನಲ್ರೀ, ಸಾಕಲ್ಲ."

ಸಾಕು ಎಂದೇ ನನಗೂ ಅನ್ನಿಸಿತು. ಆ ರಾತ್ರಿ ಗಿಲ್‌ರಾಯ್‌ನ ಮೋಟೆಲ್ಲಿನಲ್ಲಿ ಉಳಿದೆವು, ಬಾಡಿಗೆ ಇಪ್ಪತ್ತೆರಡು ಡಾಲರ್. ಟವೆಲ್ಲಿಗೂ ಬೆಳ್ಳುಳ್ಳಿ ವಾಸನೆ. ಊಟಕ್ಕೆ ಮುಂಚೆ ಮೋಟೆಲ್ಲಿನ ಮೆಟ್ಟಿಲ ಮೇಲೆ ಕೂತು ಗಿರಿಜೆ ಅಡೆಗಲ್ಲಿಗೆ ಗ್ಯಾರೇಜಿನಲ್ಲಿ ಜಾಗ ಮಾಡಿದಳು, ಅಲ್ಲಿದ್ದ ನನ್ನ ಪುಸ್ತಕದ ಪೆಟ್ಟಿಗೆಗಳನ್ನು ಮಾತಿನಲ್ಲೇ ಹೊರಗೆ ಹಾಕಿದಳು. ಅದರ ಮೇಲೆ ಮೊದಲು ಮಾಡುವುದು ಚಾಕುವಲ್ಲ, ಅವ್ವನಿಗೆ ಒಂದು ಈಳಿಗೆ ಎಂದು ನಿಶ್ಚಯವಾಯಿತು. ಅವಳು ಅಷ್ಟು ಮಾತಾಡಿದ್ದನ್ನು ನಾನು ಮದುವೆಯಾದ ಹೊಸತರಲ್ಲೂ ಕೇಳಿರಲಿಲ್ಲ.

ಭಾನುವಾರ ಅವಳು ತಲೆಗೆ ಸ್ನಾನ ಮಾಡಿ, ಹಣ್ಣಿನಂಗಡಿಯಲ್ಲಿ ಎರಡು ನಿಂಬೆಹಣ್ಣು ಕೊಂಡಳು. ಅರಿಸಿನ ಕುಂಕುಮದ ಪೊಟ್ಟಣ ಮನೆಯಿಂದಲೇ ತಂದಿದ್ದಳು. ವಾಲ್ಟರ್ ಚರ್ಚು ಮುಗಿಸಿ ಬರಲಿ ಎಂದು ಸ್ವಲ್ಪ ತಡವಾಗಿಯೇ ಹೋದೆವು. ಅವರು ಒಳ್ಳೆಯ ಅಂಗಿ ತೊಟ್ಟು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು. ಮುಖದಲ್ಲಿ ಗಲಿಬಿಲಿ.

"ಬಂದ್ರಾ" ಎಂದರು. "ನೀವು ಬರ್ತೀರಂತ ನಾನು ಅಂದ್ಕೊಂಡಿರಲಿಲ್ಲ."

ಗಿರಿಜೆ ಆಗಲೇ ಕುಲುಮೆಯ ಬಾಗಿಲಲ್ಲಿದ್ದಳು. ಕೊರಡು ಇತ್ತು. ಅದರ ಮೇಲೆ ಏನೂ ಇರಲಿಲ್ಲ.

ನಿನ್ನೆ ನಾವು ಹೋದ ಮೇಲೆ ಸಮುದ್ರದ ಕಡೆಯ ಊರಿನಿಂದ ಹೋಟೆಲಿನವರೊಬ್ಬರು ಬಂದಿದ್ದರಂತೆ. ಹೋಟೆಲಿನ ಮುಂದಿನ ಹುಲ್ಲುಹಾಸಿನಲ್ಲಿ ಅಂದಕ್ಕೆ ಇಡುತ್ತೇವೆ, ಬಣ್ಣ ಹೊಡೆದು ಸುತ್ತ ಹೂವಿನ ಗಿಡ ನೆಡುತ್ತೇವೆ ಎಂದರಂತೆ. ಗುಜರಿಗೆ ಹೋಗುವುದಕ್ಕಿಂತ ಅದು ಮೇಲು ಎಂದು ಕೊಟ್ಟುಬಿಟ್ಟೆ ಎಂದರು ವಾಲ್ಟರ್.

"ನಾಳೆ ಬರ್ತೀವಿ ಅಂತ ಹೇಳಿದ್ನಲ್ಲ" ಎಂದಳು ಗಿರಿಜೆ. ದನಿ ಏರಿಸಲಿಲ್ಲ.

"ನಾಳೆ ಅಂತ ಈ ತಿಂಗಳೆಲ್ಲ ಎಷ್ಟೋ ಜನ ಹೇಳಿದಾರೆ. ಯಾರೂ ಬರಲಿಲ್ಲ. ನೀವು ಕೊಂಬಿನ ಪೀಪಾಯಿಯೊಳಗೆ ಕೈ ಹಾಕಿ ಹುಡುಕಿದ್ರಿ. ಅಡೆಗಲ್ಲನ್ನ ಮಾತ್ರ ಒಂದು ಬೆರಳಿಂದಲೂ ಮುಟ್ಟಲಿಲ್ಲ. ಸುತ್ತಿಗೆ ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡ್ರಿ. ಬೇಕಾದೋರು ಮುಟ್ಟದೇ ಇರ್ತಾರಾ? ಇವರಿಗೆ ಕೊಂಬಷ್ಟೇ ಬೇಕಾಗಿತ್ತು, ಸಂಕೋಚಕ್ಕೆ ನಾಳೆ ಅಂತಿದಾರೆ ಅಂದ್ಕೊಂಡೆ."

ಆಗ ಅವಳು ಹೇಳಿದಳು. ಶನಿವಾರ, ಅಜ್ಜ, ಮುಟ್ಟದ ಕಬ್ಬಿಣ, ಎಲ್ಲವನ್ನೂ ತಡವರಿಸುತ್ತ, ಅರ್ಧ ನೆಲ ನೋಡುತ್ತ ಹೇಳಿದಳು. ವಾಲ್ಟರ್ ನಗುತ್ತಾರೆ ಎಂದು ನಾನೂ ಕಾದೆ. ಅವರು ನಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಮ್ಮಪ್ಪ ಭಾನುವಾರ ಕುಲುಮೆ ಹೊತ್ತಿಸ್ತಿರಲಿಲ್ಲ. ಕುದುರೆಯ ಲಾಳ ಕಳಚಿ ಬಾಗಿಲಿಗೆ ಬಂದವರನ್ನೂ ಸೋಮವಾರ ಬಾ ಅಂತ ಕಳಿಸ್ತಿದ್ದ. ನಾನೂ ಇವತ್ತಿನವರೆಗೆ ಹೊತ್ತಿಸಿಲ್ಲ" ಎಂದರು. "ನೀವು ಹೇಳಿದ್ದಿದ್ದರೆ ಆಗ್ತಿತ್ತು. ಯಾರು ಬಂದು ಕೇಳಿದ್ರೂ ಕೊಡ್ತಿರಲಿಲ್ಲ."

ಹೋಟೆಲಿನವರಿಗೆ ಒಮ್ಮೆ ಫೋನ್ ಮಾಡಿ ನೋಡೋಣವೇ ಎಂದು ನಾನು ಕೇಳಿದೆ. "ಕೈ ಕುಲುಕಿ ಕೊಟ್ಟದ್ದು" ಎಂದು ವಾಲ್ಟರ್ ಆಗದೆಂದು ತಲೆಯಾಡಿಸಿದರು. ಗಿರಿಜೆಯೂ ನನ್ನ ತೋಳು ಮುಟ್ಟಿ ಬೇಡ ಎಂದಳು. ಮಾತು ಕೊಟ್ಟ ಮೇಲೆ ಮುಗಿಯಿತು ಎನ್ನುವುದರಲ್ಲಿ ಅವರಿಬ್ಬರದೂ ಒಂದೇ ಪಂಥ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತನ್ನು ಕೈಯಲ್ಲೂ ಹಿಡಿದಿರಲಿಲ್ಲ. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಾಗಲಿಲ್ಲ.

ಗಿರಿಜೆ ಕೊರಡಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಡೆಗಲ್ಲು ಕೂತಿದ್ದ ಜಾಗ ಒತ್ತಿ ತಗ್ಗಾಗಿ, ಅಂಚಿನಲ್ಲಿ ತುಕ್ಕಿನ ಗೆರೆ ಮೂಡಿತ್ತು. ಎರಡೂ ಅಂಗೈಗಳನ್ನು ಅದರ ಮೇಲೆ ಅಗಲವಾಗಿ ಒತ್ತಿಟ್ಟಳು. ವಾಲ್ಟರ್ ಬಾಗಿಲಲ್ಲಿ ನಿಂತು ನೋಡಿದರು.

"ಹೀಗೆ" ಎಂದರು ಮೆಲ್ಲಗೆ. "ನಿನ್ನೆ ಹೀಗೆ ಮಾಡಿದ್ದಿದ್ದರೆ ಸಾಕಿತ್ತು."

ಹೊರಡುವಾಗ ಅವರು ಕಾರಿನವರೆಗೂ ಬಂದರು. ಕೊಂಬಿನ ಗೋಣಿ ಹಳೇ ಹಾಸಿಗೆಯ ಮೇಲೆ ಒಂದು ಕಡೆಗೆ ವಾಲಿಕೊಂಡಿತ್ತು, ಹಗ್ಗ ಸುರುಳಿ ಬಿಚ್ಚದೆ ಬಿದ್ದಿತ್ತು. ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದೆ. ಕೆಂಪು ರಿಬ್ಬನ್ನಿನ ಗೂಟಗಳ ನಡುವೆ ವಾಲ್ಟರ್ ಇನ್ನೂ ಟೋಪಿ ಹಾಕದೆ ನಿಂತಿದ್ದರು.

ಮಾರ್ಗನ್ ಹಿಲ್ ದಾಟಿದ ಮೇಲೆ ಗಿರಿಜೆಯನ್ನು, ಗುಜರಿಯ ಹತ್ತಿರ ನಿಲ್ಲಿಸಲೇ ಎಂದು ಕೇಳಿದೆ. ಬೇಡವೆಂದು ಕೈ ಮಾಡಿದಳು. ನಾನು ಸಮಾಧಾನ ಹೇಳಲು ಹೊರಟು, ನಿಮ್ಮಜ್ಜನ ಕಟ್ಟಳೆ ಉಳಿಸಿದ್ಯಲ್ಲ, ಅವರು ಮೆಚ್ಚಿಕೊಳ್ತಿದ್ರು ಎಂದೆ.

"ಇಲ್ರೀ" ಎಂದಳು, ಕಿಟಕಿಯ ಆಚೆ ನೋಡುತ್ತ. "ಶನಿವಾರ ತಂದಿದ್ರ ನಮ್ಮಜ್ಜ ಒಂದ್ ಮಾತು ಬೈತಿದ್ದ. ಬಿಟ್ಟು ಬಂದಿದ್ಕ ನನ್ ಮಾರಿ ನೋಡ್ತಿರ್ಲಿಲ್ಲ."