ಎರಡು ಸಲ ಬಡಿದಿದ್ದೆ

ಆ ಬೆಳಿಗ್ಗೆ ಗುಂಡಗುರ್ತಿಯಲ್ಲಿ ನಾನು ಬಸ್ಸಿನ ತಗಡನ್ನು ಬಡಿದದ್ದು ಎರಡು ಸಲ. ಒಂದೇ ಸಲ ಬಡಿದೆ ಎಂದು ಆಮೇಲೆ ಹೇಳಿದ್ದು ಸುಳ್ಳು. ಕೆಳಗಿಳಿದು ನಿಂತು ಬಡಿದೆ ಎಂದದ್ದೂ ಸುಳ್ಳು — ನಾನು ಬಸ್ಸಿನಿಂದ ಇಳಿದೇ ಇರಲಿಲ್ಲ. ಈ ಸುಳ್ಳಿನಿಂದ ಶರಣಬಸಪ್ಪ ಎಂಬ ಡ್ರೈವರ್ ಕೆಲಸ ಬಿಟ್ಟರು. ಅವರು ಕಟ್ಟಲು ಹೊರಟಿದ್ದ ಸಂಘ ಹುಟ್ಟುವ ಮೊದಲೇ ಸತ್ತಿತು. ಇವೆರಡಕ್ಕಿಂತ ದೊಡ್ಡದೊಂದನ್ನು ನಾನು ಅವರಿಂದ ಕಸಿದುಕೊಂಡೆ, ಅದು ಏನೆಂದು ನನಗೇ ಬಹಳ ತಡವಾಗಿ ತಿಳಿಯಿತು — ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಬಡಿತವೆಂದರೆ ಏನೆಂದು ಮೊದಲು ಹೇಳಬೇಕು. ಚಿತ್ತಾಪುರದ ಒಂದು ಖಾಸಗಿ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ನಾನು. ಬಸ್ಸು ಹಿಂದಕ್ಕೆ ಬರುವಾಗ ಆಯಾ ಕೆಳಗಿಳಿದು ಹಿಂಬದಿಯಲ್ಲಿ ನಿಲ್ಲಬೇಕು. ದಾರಿ ಖಾಲಿ ಇದ್ದರೆ ತಗಡನ್ನು ಎರಡು ಸಲ ಬಡಿಯಬೇಕು, ಬರಬಹುದು ಎಂದರ್ಥ. ಒಂದು ಸಲ ಬಡಿದರೆ, ನಿಲ್ಲಿಸಿ ಎಂದರ್ಥ. ನಮ್ಮ ಬಸ್ಸಿನ ಹೊರಗಿನ ಕನ್ನಡಿ ಒಡೆದು ಎಷ್ಟೋ ತಿಂಗಳಾಗಿತ್ತು, ಹೊಸದು ಹಾಕಿಸಿ ಎಂದು ಕೇಳಿ ಕೇಳಿ ಶರಣಬಸಪ್ಪನವರ ಬಾಯಿ ಸೋತಿತ್ತು. ಒಳಗಿನ ಕನ್ನಡಿಯಲ್ಲಿ ನಿಂತ ಮಕ್ಕಳ ತಲೆಗಳ ಹೊರತು ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಹಿಂದೆ ಬರುವಷ್ಟು ಹೊತ್ತು ಅವರು ಬಸ್ಸನ್ನು ಕಿವಿಯಿಂದಲೇ ನಡೆಸುತ್ತಿದ್ದರು, ನನ್ನ ಕೈಯನ್ನು ನಂಬಿ.

ಇನ್ನು ನನ್ನ ವಿಷಯ. ನಮ್ಮದು ವೈಷ್ಣವರ ಮನೆ. ಮಾವನವರು ಮಾಸ್ತರಾಗಿ ನಿವೃತ್ತರಾದವರು, ಮೈದುನ ಕಚೇರಿಯಲ್ಲಿ ಗುಮಾಸ್ತ, ಮನೆತನದ ಇನ್ನೊಂದು ಕವಲು ಗುಡಿಯ ಪೂಜೆಗೆ ನಿಂತದ್ದು. ಗಂಡ ಹೋದ ಮೇಲೆ ನನಗೆ ಕೆಲಸ ಬೇಕಾಯಿತು. ಓದಿದ್ದು ಪಿಯುಸಿ, ಅದರ ಮೇಲೆ ಟೀಚರ್ ಕೆಲಸ ಯಾರು ಕೊಡುತ್ತಾರೆ? ಆಯಾ ಕೆಲಸ ಸಿಕ್ಕಿತು. ಮನೆಯಲ್ಲಿ ‘ಸಾಲ್ಯಾಗ ಕೆಲಸ ಸಿಕ್ಕದ’ ಎಂದಷ್ಟೇ ಹೇಳಿದೆ. ಅವರು ಟೀಚರ್ ಎಂದುಕೊಂಡರು, ನಾನು ತಿದ್ದಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ! ಆಯಾಗಳಿಗೆ ಕೊಡುವ ನೀಲಿ ಕೋಟನ್ನು ಮಡಚಿ ಚೀಲದ ತಳಕ್ಕೆ ಹಾಕಿಕೊಂಡು ಹೊರಟು, ಬಸ್ಸು ಹತ್ತಿದ ಮೇಲೆ ತೊಡುತ್ತಿದ್ದೆ. ಶರಣಬಸಪ್ಪನವರು ಮಾತ್ರ ಮೊದಲ ದಿನದಿಂದ ನನ್ನನ್ನು ‘ಅಕ್ಕೋರ’ ಎಂದೇ ಕರೆದರು. ನಮ್ಮ ಕಡೆ ಹಾಗೆ ಕರೆಯುವುದು ಟೀಚರುಗಳನ್ನು. ನನಗದು ಬಹಳ ಹಿತವಾಗಿತ್ತು — ಎಷ್ಟು ಹಿತವಾಗಿತ್ತೆಂದು ನೆನೆದರೆ ಈಗ ಮೈ ಉರಿಯುತ್ತದೆ.

ಮಕ್ಕಳನ್ನು ಶಾಲೆಗೆ ಬಿಟ್ಟಾದ ಮೇಲೆ ಸಂಜೆಯವರೆಗೆ ಡ್ರೈವರುಗಳಿಗೆ ಕೂರಲು ಜಾಗವಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಕಾದ ಬಸ್ಸಿನೊಳಗೇ ಬೇಯಬೇಕು, ಇಲ್ಲವೇ ಮ್ಯಾನೇಜರ್ ಹೇಳಿದಂತೆ ತೋಟಕ್ಕೆ ನೀರು ಬಿಡಬೇಕು, ಇಟ್ಟಿಗೆ ಹೊರಬೇಕು. ಶೌಚಾಲಯದ ಬೀಗದ ಕೈ ಟೀಚರುಗಳ ಹತ್ತಿರ. ಬೇಸಿಗೆ ರಜೆಗೆ ಪಗಾರ ಇಲ್ಲ, ಬಸ್ಸು ನಿಂತರೆ ಹೊಟ್ಟೆಯೂ ನಿಲ್ಲುತ್ತದೆ ಎಂದು ಶಾಲೆಯವರು ತಿಳಿದಿದ್ದರೋ ಏನೋ. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಶರಣಬಸಪ್ಪನವರು ಇದನ್ನೆಲ್ಲ ಮಾತಾಡಲು ಶುರುಮಾಡಿದರು. ಮೆಲ್ಲಗೆ ಸೇಡಂ, ವಾಡಿ, ಶಹಾಬಾದಿನ ಶಾಲೆಗಳ ಡ್ರೈವರುಗಳೂ ಹೂಂ ಅಂದರು. ಒಂದು ಭಾನುವಾರ ಎಲ್ಲರೂ ಸೇರುವುದೆಂದಾಯಿತು.

“ಅಕ್ಕೋರ, ಐತವಾರ ನೀವೂ ಬರ್ರಿ,” ಎಂದರು ನನಗೆ. “ಆಯಾಗೋಳು ಬರಲಿಲ್ಲಂದ್ರ ಅದು ಅರ್ಧಾ ಸಂಘ ಆಗ್ತದ.”

“ನೋಡೋಣ್ರಿ,” ಎಂದೆ. ಮನಸ್ಸಿನಲ್ಲಿ — ನಾನೇನು ಇವರ ಪೈಕಿಯೇ? ಹೌದು, ಹಾಗೆಯೇ ಅಂದುಕೊಂಡೆ. ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಭಾನುವಾರ ಬರುವ ಮೊದಲೇ ಅದು ನಡೆಯಿತು. ಗುಂಡಗುರ್ತಿಯಲ್ಲಿ ಮಕ್ಕಳನ್ನು ಹತ್ತಿಸಿಕೊಂಡು ಬಸ್ಸು ತಿರುಗಿಸಬೇಕಾದರೆ ಒಂದು ಇಕ್ಕಟ್ಟಾದ ಸಂದಿಗೆ ಹಿಂದೆ ಬರಲೇಬೇಕು. ನಾನು ಇಳಿಯಲು ಹಿಂಬಾಗಿಲಿಗೆ ಬಂದೆ. ಎದುರಿನ ಹೋಟೆಲಿನ ಮುಂದೆ ನನ್ನ ಮೈದುನ, ಅವನ ಹೆಂಡತಿ, ಅವಳ ತವರಿನವರು — ಯಾರದೋ ಮದುವೆಗೆ ಹೊರಟವರು, ರೇಷ್ಮೆ ಸೀರೆ, ಹೂವು — ನಿಂತಿದ್ದಾರೆ! ನೀಲಿ ಕೋಟನ್ನು ಕಿತ್ತು ಸೀಟಿನ ಕೆಳಗೆ ತುರುಕಿದೆ. ನೆಗೆಣ್ಣಿ ನನ್ನನ್ನು ನೋಡಿ ಕೈ ಬೀಸಿದಳು. ನಾನು ಕಿಟಕಿಯ ಪಕ್ಕ ಕೂತು, ಟೀಚರಿನ ಗತ್ತಿನಲ್ಲಿ ಕೈ ಬೀಸಿದೆ. ಅತ್ತ ಶರಣಬಸಪ್ಪನವರು ಇಂಜಿನ್ ಚಾಲೂ ಇಟ್ಟು ನನ್ನ ಬಡಿತಕ್ಕೆ ಕಾಯುತ್ತಿದ್ದಾರೆ. ಇಳಿದು ಬಸ್ಸಿನ ಬೆನ್ನು ಬಡಿಯುತ್ತ ನಿಂತರೆ ಇವರ ಮುಂದೆ ನನ್ನ ಮಾನ — ಬೇಡ. ಮುಖ ಹೋಟೆಲಿನ ಕಡೆಗೇ ಇತ್ತು. ಹಿಂದೆ ಏನಿದೆಯೆಂದು ನೋಡಲೂ ಇಲ್ಲ. ಕೂತಲ್ಲಿಂದಲೇ ಕೈ ಹಿಂದೆ ಚಾಚಿ ತಗಡನ್ನು ಎರಡು ಸಲ ಬಡಿದೆ.

ಬಸ್ಸು ಲೈಟಿನ ಕಂಬಕ್ಕೆ ಬಡಿಯಿತು. ಹಿಂದಿನ ಗಾಜು ಪುಡಿಯಾಗಿ ಕೊನೆಯ ಸೀಟಿನಲ್ಲಿದ್ದ ಒಬ್ಬ ಹುಡುಗಿಯ ಹುಬ್ಬು ಸೀಳಿತು. ಶರಣಬಸಪ್ಪನವರು ಓಡಿಬಂದು ಅವಳನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಓಡಿದರು. ಅವರ ಅಂಗಿಯೆಲ್ಲ ರಕ್ತ. ಆ ಗದ್ದಲದಲ್ಲಿ ನಾನು ಒಳಗಿದ್ದೆನೋ ಕೆಳಗಿದ್ದೆನೋ ಎಂದು ಅವರು ನೋಡಲೇ ಇಲ್ಲ. ಹೊಲಿಗೆ ಬಿದ್ದವು, ಹುಡುಗಿ ಉಳಿದಳು, ಕಣ್ಣಿಗೇನೂ ಆಗಲಿಲ್ಲ. ದೇವರು ದೊಡ್ಡವನು — ನಾನು ಸಣ್ಣವಳು.

ಮರುದಿನ ಆಫೀಸಿಗೆ ಇಬ್ಬರನ್ನೂ ಕರೆಸಿದರು. ಹುಡುಗಿಯ ಮನೆಯವರು, ಬೇರೆ ಬಸ್ಸುಗಳ ಡ್ರೈವರುಗಳು, ಎಲ್ಲರೂ ನಿಂತಿದ್ದರು. ಮ್ಯಾನೇಜರ್ ನನ್ನ ಕಡೆ ತಿರುಗಿದರು.

“ಕೆಳಗ ಇಳದಿದ್ರಿ?”

“ಇಳದಿದ್ದೆ.”

“ಎಷ್ಟು ಸಲ ಬಡದ್ರಿ?”

“ಒಂದೇ ಸಲ್ರಿ. ಅವರಿಗೆ ಕೇಳಸಲಿಲ್ಲ ಕಾಣಸ್ತದ.”

ಅಷ್ಟೇ. ಎಷ್ಟು ಸಲೀಸಾಗಿ ಬಂತು ನೋಡಿ! ಶರಣಬಸಪ್ಪನವರು ಸಿಡಿದೇಳುತ್ತಾರೆ, ಈ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ ಎನ್ನುತ್ತಾರೆ, ಆಗ ನಾನೂ ಅಳುತ್ತ ನಿಜ ಹೇಳಿಬಿಡುತ್ತೇನೆ — ಹೀಗೇನೋ ಒಳಗೊಳಗೆ ಕಾದಿದ್ದೆ. ಅವರು ಸಿಡಿಯಲಿಲ್ಲ. “ನನಗ ಎರಡು ಕೇಳ್ದಂಗ ಆಯ್ತಲ್ರಿ ಅಕ್ಕೋರ,” ಎಂದರು, ಅದನ್ನೂ ಅನುಮಾನದಲ್ಲಿ, ತಮಗೇ ಹೇಳಿಕೊಂಡಂತೆ. ನಾನು ನೆಲದ ಶಹಾಬಾದ್ ಕಲ್ಲನ್ನು ನೋಡುತ್ತ ನಿಂತೆ. ಆಮೇಲೆ ಮ್ಯಾನೇಜರ್ ಉಳಿದ ಡ್ರೈವರುಗಳಿಗೆ ಕೇಳುವಂತೆ ಅಂದರು: “ಗಾಡಿ ಹಿಂದ ತಗೊಳ್ಳಾಕ ಬರಂಗಿಲ್ಲ, ಇವರು ಸಂಘ ಕಟ್ತಾರಂತ.” ಯಾರೋ ನಕ್ಕರು. ಆ ಭಾನುವಾರ ಯಾರೂ ಸೇರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ.

ಬಸ್ಸಿನ ತುಂಬ ಮಕ್ಕಳಿದ್ದರು, ನಾನು ಇಳಿಯಲಿಲ್ಲವೆಂದು ಅವರೆಲ್ಲ ನೋಡಿದ್ದರು. ಮಕ್ಕಳನ್ನು ಯಾರೂ ಕೇಳಲಿಲ್ಲ. ಹುಬ್ಬಿಗೆ ಹೊಲಿಗೆ ಬಿದ್ದ ಹುಡುಗಿ ಮಾತ್ರ ಒಮ್ಮೆ ನನ್ನನ್ನೇ ಕೇಳಿದಳು, “ಆಂಟಿ, ನೀವು ಅವತ್ತ ಇಳದೇ ಇರಲಿಲ್ಲಲ್ರಿ?” ನಾನು ಅವಳ ತಲೆ ಸವರಿ, “ನಿನಗ ಹೆದರಿಕಿಯಾಗಿತ್ತವ್ವ, ನೆನಪಿಲ್ಲ,” ಎಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ತಾನೊಂದೇ ಕುರುಡಾಗುತ್ತದೆ. ನಾನು ನೋಡಿದವರ ಕಣ್ಣನ್ನೂ ಮುಚ್ಚಿಸಲು ಹೊರಟಿದ್ದೆ.

ಶರಣಬಸಪ್ಪನವರನ್ನು ಯಾರೂ ತೆಗೆದುಹಾಕುವ ಅಗತ್ಯ ಬೀಳಲಿಲ್ಲ. ತಾವೇ ಬಸ್ಸಿನ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದರು. ಹೋಗುವ ಮೊದಲು ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಕೈ ಮುಗಿದರು.

“ಒಂದು ಬಡಿತಕ್ಕೂ ಎರಡಕ್ಕೂ ಫರಕ್ ತಿಳೀಲಾರದಂವ ಮಕ್ಕಳ ಗಾಡಿ ಹೊಡೀಬಾರದ್ರಿ. ನೀವು ಸರಿಯಾಗಿ ಬಡದ್ರೂ ನಿಮಗೂ ಕೆಟ್ಟ ಹೆಸರು ಬಂತು. ಮಾಫ್ ಮಾಡ್ರಿ ಅಕ್ಕೋರ.”

“ಇರ್ಲಿ ಬಿಡ್ರಿ,” ಎಂದೆ ನಾನು.

ಕ್ಷಮಿಸಿಬಿಟ್ಟೆ! ಎಂಥ ದೊಡ್ಡ ಮನಸ್ಸು ನನ್ನದು — ತಪ್ಪು ಮಾಡಿದವಳು ನಾನು, ಮಾಫಿ ಕೊಟ್ಟವಳೂ ನಾನೇ. ಈ ಒಂದು ಮಾತು ನನ್ನನ್ನು ಆ ಆಫೀಸಿನ ಸುಳ್ಳಿಗಿಂತ ಹೆಚ್ಚು ತಿಂದಿದೆ.

ಆಮೇಲೆ ವರ್ಷಗಳು ಹೋದವು. ನಾನು ಅದೇ ಶಾಲೆಯಲ್ಲಿ, ಅದೇ ಕೆಲಸದಲ್ಲಿ ಉಳಿದೆ. ನಾನು ಆಯಾ ಎಂಬುದು ಒಂದು ದಿನ ಮನೆಯವರಿಗೂ ಗೊತ್ತಾಯಿತು. ಮೈದುನ ಕೇಳಿ, “ಹೌದಾ ವೈನಿ?” ಎಂದು ನಕ್ಕು ಪೇಪರ್ ಓದಲು ಕೂತ. ಮಾವನವರು ಎಂದಿನಂತೆ ಚಹಾ ಕೇಳಿದರು. ಆಕಾಶ ಕಳಚಿ ಬೀಳಲಿಲ್ಲ. ಯಾವ ಮಾನಕ್ಕಾಗಿ ಒಬ್ಬ ಮನುಷ್ಯನ ಬದುಕನ್ನೇ ಮುರಿದೆನೋ, ಅದು ಒಂದು ಪೇಪರ್ ಓದುವಷ್ಟು ಹೊತ್ತೂ ಬಾಳದ ಮಾನವಾಗಿತ್ತು.

ಈ ವರ್ಷ ಮತ್ತೆ ಸಂಘದ ಮಾತೆದ್ದಿತು. ಎಬ್ಬಿಸಿದವನು ನಮ್ಮ ಈಗಿನ ಡ್ರೈವರ್ ಮೆಹಬೂಬ, ನಗುತ್ತಲೇ ಹಟ ಹಿಡಿಯುವ ಆಳು. ಫೋನಿನಲ್ಲೇ ಗ್ರೂಪು ಮಾಡಿ ಸೇಡಂ, ಶಹಾಬಾದ್, ಚಿಂಚೋಳಿ, ಅತ್ತ ಕುಂಚಾವರಂ ಕಡೆಯವರನ್ನೂ ಸೇರಿಸಿದ್ದ. ರೈಲಿಗೂ ಬಸ್ಸಿಗೂ ಅನುಕೂಲವೆಂದು ಸಭೆ ವಾಡಿಯಲ್ಲಿ. ಈ ಸಲ ಆಯಾಗಳೂ ಬರುತ್ತೇವೆಂದಿದ್ದರು. ಒಂದೇ ತೊಡಕು. ಹಳಬರೆಲ್ಲ ಶರಣಬಸಪ್ಪನವರು ಮುಂದೆ ನಿಂತರೆ ಮಾತ್ರ ನಾವೂ ಇದ್ದೇವೆ ಎನ್ನುತ್ತಾರೆ, ಅವರು ಒಪ್ಪುತ್ತಿಲ್ಲ.

“ಸುಲೇಪೇಟಕ್ಕ ಹೋಗಿ ಕಾಲು ಹಿಡದು ಬಂದೀನ್ರಿ,” ಎಂದ ಮೆಹಬೂಬ. “ಸಂತಿ ಮಾಲಿನ ಟೆಂಪೊ ಹೊಡೀಲಿಕತ್ತಾರ. ಅದರಾಗ ಒಂದು ಕೂಸನ್ನೂ ಹತ್ತಸಂಗಿಲ್ಲ. ನನ್ನ ಕಿವಿ ಮ್ಯಾಲ ನನಗ ಭರವಸ ಇಲ್ಲ, ನಾ ಹ್ಯಾಂಗ ಡ್ರೈವರಗೋಳ ಮುಂದ ನಿಲ್ಲಲಿ ಅಂತಾರ. ಕಲಬುರಗಿಗೆ ಹೋಗಿ ಡಾಕ್ಟರಿಗೂ ತೋರ್ಸ್ಯಾರಂತ. ಕಿವಿ ಛಲೋ ಅದಾವ ಅಂದನಂತ ಅಂವ. ಆದ್ರ ಇವರು ನಂಬಂಗಿಲ್ಲ. ಅಕ್ಕೋರು ಸುಳ್ಳ ಹೇಳೋರಲ್ಲ, ಡಾಕ್ಟರಿಗೆ ಏನು ಗೊತ್ತು ಅಂತಾರ.”

ಅಂದು ನನಗೆ ತಿಳಿಯಿತು, ನಾನು ಕಸಿದುಕೊಂಡದ್ದು ಕೆಲಸವನ್ನಲ್ಲ ಎಂದು. ಒಬ್ಬ ಮನುಷ್ಯ ತಾನು ಸರಿಯಾಗಿ ಕೇಳಿದ್ದನ್ನೇ ತಪ್ಪೆಂದುಕೊಂಡು ಇಷ್ಟು ವರ್ಷ ಬದುಕಿದ್ದಾನೆ — ನನ್ನ ಮೇಲಿನ ಗೌರವದಿಂದ. ಅವರ ಕಿವಿಯನ್ನು ಅವರಿಗೆ ಮರಳಿ ಕೊಡಬಲ್ಲವಳು ನಾನೊಬ್ಬಳೇ. ಕೊಡದಿದ್ದರೆ ಈ ಸಂಘವೂ ಎರಡನೆಯ ಸಲ ನನ್ನಿಂದಲೇ ಸಾಯುತ್ತದೆ.

ಸುಲೇಪೇಟಕ್ಕೆ ಹೋಗಿ ಒಬ್ಬರಿಗೇ ಹೇಳಿ ಬರಬಹುದಿತ್ತು. ಆದರೆ ಸುಳ್ಳನ್ನು ಹೇಳಿದ್ದು ಹತ್ತು ಮಂದಿಯ ಎದುರು, ನಿಜವನ್ನು ಮೂಲೆಯಲ್ಲಿ ಪಿಸುಗುಟ್ಟಿದರೆ ನ್ಯಾಯವೇ? ಕೆಲಸ ಹೋಗಬಹುದು ಎಂಬ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. “ಅವರನ್ನ ಹ್ಯಾಂಗರ ಮಾಡಿ ಕರಕೊಂಡ ಬಾ,” ಎಂದೆ ಮೆಹಬೂಬನಿಗೆ. “ಮುಂದ ನಿಲ್ಲಾಕಲ್ಲ. ನನ್ನ ಮಾತು ಕೇಳಾಕ ಅಂತ ಹೇಳು.”

ವಾಡಿಯ ಆ ಹಾಲಿನಲ್ಲಿ ಒಂದು ಕಡೆ ಡ್ರೈವರುಗಳು, ಇನ್ನೊಂದು ಕಡೆ ಆಯಾಗಳು ಕೂತಿದ್ದರು. ಶರಣಬಸಪ್ಪನವರು ಬಾಗಿಲ ಹತ್ತಿರ, ಎದ್ದು ಹೋಗಲು ಅನುಕೂಲವಾಗುವಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಎದ್ದು ನಿಂತೆ. ಇಲ್ಲಿ ಮೊದಲು ಬರೆದಿರುವ ಮಾತನ್ನೇ ಹೇಳಿದೆ — ಇಳಿದಿರಲಿಲ್ಲ, ಎರಡು ಸಲವೇ ಬಡಿದಿದ್ದೆ, ಅವರು ಕೇಳಿದ್ದು ಸರಿ, ಸುಳ್ಳು ಹೇಳಿದವಳು ನಾನು.

ಶರಣಬಸಪ್ಪನವರು ನಿಧಾನಕ್ಕೆ ಎದ್ದರು. “ಯಾಕ್ರಿ ಅಕ್ಕೋರ? ಅದೊಂದು ಹೇಳ್ರಿ.”

ಮೈದುನ, ಮದುವೆ, ಹೋಟೆಲು — ಎಲ್ಲ ಬಾಯಿಗೆ ಬಂತು. ಅವು ನೆಪಗಳು. ನುಂಗಿದೆ. “ನಾಚಿಕಿ ಬಂತ್ರಿ,” ಎಂದೆ. “ಆಯಾ ಅಂತ ಹೇಳ್ಕೊಳ್ಳಾಕ ನಾಚಿಕಿ. ನಿಮ್ಮ ಪೈಕಿ ಅನ್ನಿಸಿಕೊಳ್ಳಾಕ ನಾಚಿಕಿ.”

ಇಷ್ಟೊಂದು ಜನ ಆಯಾಗಳು ಕೂತಿರುವಲ್ಲಿ ಇದನ್ನು ಹೇಳುವುದು ಮೊದಲಿನದನ್ನು ಹೇಳುವುದಕ್ಕಿಂತ ಕಷ್ಟವಾಯಿತು. ಚಿಂಚೋಳಿಯಿಂದ ಬಂದಿದ್ದ ಒಬ್ಬ ವಯಸ್ಸಾದ ಆಯಾ ಮುಖ ತಿರುಗಿಸಿಕೊಂಡಳು. ಆಮೇಲೆ ಯಾರ ಕಡೆಯೂ ನೋಡದೆ ಅವಳೇ ಅಂದಳು, “ನಮಗೂ ಬರ್ತದವ್ವ ನಾಚಿಕಿ. ಮಂದಿ ನಡಸ್ಕೊಳ್ಳೋದೇ ಹಂಗ. ಅದಕ್ಕೇ ಬಂದೀವಿ ಇಲ್ಲಿ.”

ಶರಣಬಸಪ್ಪನವರು ನಿಂತೇ ಇದ್ದರು. ಬಯ್ಯಲಿ ಎಂದು ಕಾದೆ. “ಹಂಗಾದ್ರ ಡಾಕ್ಟರ್ ಖರೇನೇ ಹೇಳಿದ್ನಲ್ಲ,” ಎಂದರು — ಅಳುವೋ ನಗುವೋ ಗೊತ್ತಾಗದ ದನಿಯಲ್ಲಿ — ಮತ್ತು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡರು. ಆಮೇಲೆ ಬಾಗಿಲನ್ನು ಬಿಟ್ಟು ನಡೆದು ಬಂದು ಎಲ್ಲರ ಮುಂದೆ ನಿಂತರು. ಮೆಹಬೂಬ ತನ್ನ ಕುರ್ಚಿ ಬಿಟ್ಟುಕೊಟ್ಟ. ಅವರು ಕೂರಲಿಲ್ಲ.

“ಅಕ್ಕೋರ,” ಎಂದರು ನನ್ನ ಕಡೆ ತಿರುಗಿ, “ನಿಮ್ಮನ್ನ ಮಾಫ್ ಮಾಡಾಕ ನನಗ ಟೈಮ್ ಬೇಕ್ರಿ. ಭಾಳ ಟೈಮ್ ಬೇಕು. ಆದ್ರ ಸಂಘಕ್ಕ ಅಷ್ಟು ಟೈಮ್ ಇಲ್ಲ. ಕುಂದ್ರಿ, ಮೀಟಿಂಗ್ ಸುರು ಮಾಡೋಣು.”

ನಾನು ಆಯಾಗಳ ಸಾಲಿಗೆ ಹೋದೆ. ಮುಖ ತಿರುಗಿಸಿಕೊಂಡಿದ್ದ ಆ ಹೆಂಗಸು ಸ್ವಲ್ಪ ಸರಿದು ಜಾಗ ಬಿಟ್ಟಳು. ಕೂತೆ.