ದೊಡ್ಡಕ್ಕನವರು ಕಾರಿನಡಿಯಲ್ಲಿ ಕಂಡದ್ದು

ಹಳೆಯ ವಾಹನಗಳ ದುರಸ್ತಿಯಲ್ಲಿ ಕೈ ಪಳಗಿದವರು ಬೇಕಾದಷ್ಟು ಮಂದಿ ಇದ್ದಾರೆ; ಆದರೆ ತುಕ್ಕಿಗೆ ಬಣ್ಣ ಬಳಿದು ಮುಚ್ಚದೆ, ಅದು ಬಂದ ದಾರಿಯ ಬೆನ್ನು ಹತ್ತುವವರಲ್ಲಿ ಮೊದಲಿಗರು, ನಮ್ಮ ಆಸ್ಪತ್ರೆಯ ವಾಹನ ಕಾರ್ಯಾಗಾರದ ಮುಖ್ಯಸ್ಥೆಯಾಗಿ ಈಗ ನಿವೃತ್ತರಾಗುತ್ತಿರುವ, ನಮ್ಮೆಲ್ಲರ ಬಾಯಲ್ಲಿ ‘ದೊಡ್ಡಕ್ಕ’ ಎಂದೇ ನೆಲೆಸಿರುವ ಮಾನ್ಯರು. ಸಹಾಯಕಿಯಾಗಿ ಸೇರಿದ ದಿನ ಕಾರಿನಡಿ ನುಸುಳಿದವರು ಊಟಕ್ಕೂ ಹೊರಬರಲಿಲ್ಲವೆಂದು ಹಿರಿಯರು ಇಂದಿಗೂ ನಗುತ್ತಾರೆ.

ಅವರು ಮುಖ್ಯಸ್ಥೆಯಾದ ವರ್ಷವೇ, ರೋಗಿಗಳನ್ನು ಕರೆತರುವ ಹಳೆಯ ಕಾರು ಹೊರಡುವಾಗಲೆಲ್ಲ ಕಟಕಟ ಎನ್ನತೊಡಗಿತು. ಅದನ್ನು ಗುಜರಿಗೆ ಹಾಕಿ, ಜೊತೆಗೆ ಚಾಲಕರನ್ನೂ ಮನೆಗೆ ಕಳಿಸುವ ಯೋಚನೆಯಲ್ಲಿದ್ದರು ಆಡಳಿತದವರು. ಆ ಚಾಲಕರೋ ಕಾರನ್ನು ಹೆತ್ತ ಮಗಳಂತೆ ನೋಡಿಕೊಂಡವರು. ದಿನಕ್ಕೆರಡು ಸಲ ಪೈಪು ಹಿಡಿದು ನೆತ್ತಿಯಿಂದ ಹೊಟ್ಟೆಯವರೆಗೆ ತೊಳೆಯುತ್ತಿದ್ದುದರಿಂದ ‘ಜಳಕದಣ್ಣ’ ಎಂಬ ಹೆಸರೇ ಅಂಟಿಕೊಂಡಿತ್ತು.

“ಇಷ್ಟು ನೋಡ್ಕೊಂಡ್ರೂ ಹೀಗಾಯ್ತಲ್ಲ ಅಕ್ಕ, ನನ್ನ ಕೈಗುಣವೇ ಸರಿಯಿಲ್ಲ. ಗಾಡಿ ಹೋದ್ರೆ ನಾನೂ ಹೊರಟೆ” ಎಂದು ಅವರು ಕಣ್ಣೊರೆಸಿಕೊಂಡರು.

ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದನೆಯ ಶಾಫ್ಟನ್ನು ಕಳಚಿದ ದೊಡ್ಡಕ್ಕನವರು ಅದರ ತುದಿಯ ಜಾಯಿಂಟನ್ನು ಬಿಚ್ಚಿದರು. ಒಳಗೆ ಗ್ರೀಸಿನ ಸುಳಿವಿಲ್ಲ. ಬೇರಿಂಗು ಕೆಂಪು ಪುಡಿಯಾಗಿತ್ತು. ಪೈಪಿನ ನೀರಿನ ರಭಸ, ಗ್ರೀಸನ್ನು ಒಳಗೇ ಹಿಡಿದಿಡುವ ಸೀಲನ್ನು ದಾಟಿ, ಗ್ರೀಸನ್ನೇ ತೊಳೆದುಹಾಕಿತ್ತು. ಸುತ್ತ ನಿಂತಿದ್ದ ನಮಗೆ ಅರ್ಥವಾಗಿ ಬಾಯಿ ತೆರೆಯುವಷ್ಟರಲ್ಲಿ ಅವರು ಕಣ್ಣಲ್ಲೇ ತಡೆದರು.

“ಸೀಲು ಹಳೇದಾಗಿದೆ ಅಣ್ಣ, ಅಷ್ಟೇ. ಮೇಲೆಲ್ಲ ನೀವು ನೋಡ್ಕೊಳ್ಳಿ. ಗಾಡಿಯ ಅಡಿಭಾಗಕ್ಕೆ ಮಾತ್ರ ನೀರು ಬಿಡ್ಬೇಡಿ, ಅದನ್ನ ನಾನು ನೋಡ್ಕೋತೀನಿ.”

ಹೊಸ ಜಾಯಿಂಟು ಕೂರಿಸಿ, ಶಾಫ್ಟಿನ ತುಕ್ಕನ್ನು ಲೋಹ ಹೊಳೆಯುವತನಕ ತಂತಿಬ್ರಷ್ಷಿನಿಂದ ಉಜ್ಜಿ, ಪ್ರೈಮರು ಬಳಿದು ಬಣ್ಣ ಕೊಟ್ಟು, ಶಾಫ್ಟಿನ ತುಂಡುಗಳು ಒಂದರೊಳಗೊಂದು ಜಾರುವ ಹಲ್ಲುಗಳಿಗೆ ಮಾತ್ರ ಬಣ್ಣ ಸೋಕಿಸದೆ ಗ್ರೀಸು ಹಚ್ಚಿ, ಕಾರನ್ನು ತಾವೇ ಓಡಿಸಿ ಆಡಳಿತದವರ ಮುಂದೆ ನಿಲ್ಲಿಸಿದರು. ಸದ್ದು ಅಡಗಿತ್ತು, ಕಾರೂ ಉಳಿಯಿತು, ಚಾಲಕರ ಕೆಲಸವೂ ಉಳಿಯಿತು. ಆಮೇಲೆ ಪ್ರತಿ ತಿಂಗಳು ಹಳೆಯ ಗ್ರೀಸು ಹೊರಬರುವತನಕ ಹೊಸದನ್ನು ತುಂಬುವ ಕೆಲಸವನ್ನು ಅವರು ಯಾರಿಗೂ ಬಿಡಲಿಲ್ಲ.

ಕಳೆದ ವಾರ ಕಾರ್ಯಾಗಾರವನ್ನು ವಹಿಸಿಕೊಂಡವರು ಅಂದು ನಮ್ಮ ಪಕ್ಕದಲ್ಲೇ ನಿಂತಿದ್ದವರು, ಯಾರ ಮುಲಾಜಿಗೂ ಬೀಳದವರು. ಜಳಕದಣ್ಣನವರಿಗೆ ಸೀದಾ ಹೇಳಿಬಿಟ್ಟರು: “ಆವತ್ತು ಗಾಡಿ ಕೆಟ್ಟಿದ್ದು ನಿಮ್ಮ ನೀರಿನಿಂದಲೇ.”

ಜಳಕದಣ್ಣನವರು ನಕ್ಕರು.

“ಅಕ್ಕ ನೀರು ಬಿಡ್ಬೇಡಿ ಅಂದಾಗಲೇ ಗೊತ್ತಾಯ್ತು. ಎಲ್ಲರೆದುರು ತಪ್ಪು ನಿಮ್ಮದೇ ಅಂದಿದ್ರೆ ಆವತ್ತೇ ಕೀಲಿ ಕೊಟ್ಟು ಹೋಗ್ತಿದ್ದೆ. ಅನ್ನಲಿಲ್ಲವಲ್ಲ, ಅದಕ್ಕೇ ಇದ್ದೀನಿ.”

ದೊಡ್ಡಕ್ಕನವರು ನೂರ್ಕಾಲ ಬಾಳಲಿ, ಅವರ ಕೈಗೆ ಸದಾ ಮನಮೆಚ್ಚಿದ ಕೆಲಸ ಸಿಗಲಿ. ಚಾಲಕರು ಈ ಮಾತನ್ನು ಅವರೆದುರು ಇದುವರೆಗೂ ಆಡಿಲ್ಲ, ಆಡಲಾರರು. ಈ ಬೀಳ್ಕೊಡುಗೆಯ ಬರಹದಲ್ಲಿ ಅದನ್ನು ಬರೆಯಿರೆಂದು ಕೇಳಿಕೊಂಡವರು ಅವರೇ.