ನಿಮ್ಮ ಎಡಗೆನ್ನೆಯ ಕಲೆ

ಶ್ರೀಧರ, ನಿಮ್ಮ ಎಡಗೆನ್ನೆಯ ಮೇಲೆ ಆ ದಿನ ಯಾವ ಕಲೆಯೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಅಷ್ಟೇ ಆಗಿದ್ದರೆ ಅಂಜುಬುರುಕಿ ಎನಿಸಿಕೊಂಡು ಪಾರಾಗುತ್ತಿದ್ದೆ. ಕಲೆ ಇದೆ ಎಂದು ಎಲ್ಲರೂ ನಂಬುವಂಥ ಮಾತನ್ನು ನಾನೇ ಬಾಯಿಬಿಟ್ಟು ಹೇಳಿದೆ.

ನನ್ನ ತಂಗಿ ಸುಮನಾಳಿಗೆ ನಿಮ್ಮ ಸಂಬಂಧ ಬಂದಾಗಿನ ಮಾತು. ಜಾತಕ ಕೂಡಿತ್ತು. ಮಂಚಿಕೇರಿಯಲ್ಲಿ ಸ್ವಂತ ಗ್ಯಾರೇಜು, ಒಳ್ಳೆಯ ಹೆಸರು — ಅಪ್ಪ ಅರ್ಧ ಒಪ್ಪಿಯೇಬಿಟ್ಟಿದ್ದರು. ಮನೆಗೆ ಬಂದು ನೋಡುವ ಮೊದಲು ಒಮ್ಮೆ ವಿಡಿಯೋ ಕಾಲ್‌ನಲ್ಲಿ ಮಾತಾಡೋಣ ಎಂದಾಯಿತು. ಶಿರಸಿಯ ನಮ್ಮ ಮನೆಯ ಹಾಲ್‌ನಲ್ಲಿ ನಾನೇ ವಿನ್ಯಾಸ ಮಾಡಿದ ಪರದೆಯನ್ನು ತಂದಿಟ್ಟೆ. ಯಾರೂ ಕೇಳಿರಲಿಲ್ಲ, ಸುಮನಾಳ ಫೋನೇ ಸಾಕಿತ್ತು. ಆದರೆ ನನ್ನ ಜಂಭ ಕೇಳಬೇಕಲ್ಲ!

ಪರದೆ ತಯಾರಿಸುವ ಕಂಪನಿಯೊಂದಕ್ಕೆ ಮನೆಯಿಂದಲೇ ತಂತಿಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಓಎಲ್‌ಇಡಿ ಎನ್ನುತ್ತಾರಲ್ಲ, ಅದರಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯುತ್ತದೆ. ಪ್ರತಿಯೊಂದಕ್ಕೂ ಕೂದಲಿಗಿಂತ ತೆಳುವಾದ ತಂತಿಯಲ್ಲಿ ವಿದ್ಯುತ್ತು ಹೋಗಬೇಕು. ದೂರ ಹೋದಷ್ಟೂ ಕಸುವು ಇಳಿಯುತ್ತದೆ. ಊರಿನ ಕರೆಂಟಿನ ಟಿ.ಸಿ. ಪಕ್ಕದ ಮನೆಯ ಬಲ್ಬು ಬೆಳ್ಳಗೆ, ಲೈನಿನ ಕೊನೆಯ ಮನೆಯದು ಕೆಂಪಗೆ — ಇದನ್ನು ನಿಮಗೆ ನಾನು ಹೇಳಬೇಕಾದ್ದಿಲ್ಲ. ನನ್ನ ಪರದೆಯಲ್ಲಾದರೆ ನೀಲಿ ಮೊದಲು ಸೋಲುತ್ತದೆ, ಉಳಿದದ್ದು ಹಳದಿಗೆ ತಿರುಗುತ್ತದೆ. ಎರಡೂ ಅಂಚಿನಿಂದ ವಿದ್ಯುತ್ತು ಕೊಡೋಣ ಎಂದು ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ಹೇಳಿದ್ದಳು. ಅಂಚು ಸಪೂರವಾಗಿ ಚಂದ ಕಾಣಲಿ ಎಂದು ನಾನು ಹಟ ಹಿಡಿದು ಎಡಗಡೆಯಿಂದ ಮಾತ್ರ ಕೊಟ್ಟೆ. ಮಾದರಿ ಕೊರಿಯರ್‌ನಲ್ಲಿ ಬಂದಿತ್ತು, ಇನ್ನೇನು ಕಂಪನಿಯವರು ಆಯ್ಕೆ ಮಾಡುವುದರಲ್ಲಿದ್ದರು. ಈ ತುದಿಯಿಂದ ಆ ತುದಿಗೆ ಬಣ್ಣ ಒಂದೇ ಸಮ ಎಂದು ಮನೆಮಂದಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ನಿಮ್ಮ ತಾಯಿ ಎಡಕ್ಕೆ, ನೀವು ಪರದೆಯ ಬಲತುದಿಗೆ ಕೂತಿರಿ. ನಿಮ್ಮ ಕೆನ್ನೆ ಮಂಕು ಹಳದಿಯಾಗಿ, ಎರಡು ತಂತಿ ಕೂಡುವ ಜಾಗದಲ್ಲಿ ಮಾತ್ರ ಬೆಳಕು ಉಳಿದು, ಬಿಳಿಯ ತೇಪೆಯೊಂದು ಕಂಡಿತು. ನನಗೆ ಚಿಂತೆ ಹತ್ತಿತು — ಪರದೆಯದು, ನಿಮ್ಮದಲ್ಲ. ಅಷ್ಟರಲ್ಲಿ ನಿಮ್ಮ ತಾಯಿಗೆ ಕೆಮ್ಮು ಬಂತು, ನೀವು ನೀರು ತರಲು ಎದ್ದಿರಿ. ನೀವು ಎದ್ದು ಹೋದರೂ ತೇಪೆ ಹೋಗಲಿಲ್ಲ. ನಿಮ್ಮ ಹಿಂದಿನ ಗೋಡೆಯ ಮೇಲೆ ಅಲ್ಲೇ ಇತ್ತು. ಉಳಿದವರೆಲ್ಲ ನಿಮ್ಮ ತಾಯಿಯನ್ನು ನೋಡುತ್ತಿದ್ದರು. ಗೋಡೆ ನೋಡಿದವಳು ನಾನೊಬ್ಬಳೇ.

ಕಾಲ್ ಮುಗಿದ ಕೂಡಲೇ ಸೋದರತ್ತೆ ಬಾಯಿ ತೆಗೆದಳು. “ಮಾಣಿ ಕೆನ್ನೆ ಮೇಲೆ ಎಂತದೇ ಅದು? ತೊನ್ನು ಶುರುವಾದ ಹಂಗೆ ಕಾಣ್ತಲೇ.”

ಫೋಟೋದಲ್ಲಿ ಇರಲಿಲ್ಲವಲ್ಲ ಎಂದು ಅಮ್ಮ ಹೇಳಿದರೆ, ಫೋಟೋದಲ್ಲಿ ಯಾರು ಬೇಕಾದರೂ ಚಂದ ಕಾಣುತ್ತಾರೆ ಎಂದು ಅತ್ತೆ ತಳ್ಳಿಹಾಕಿದಳು. ಅಪ್ಪ ನನ್ನ ಕಡೆ ತಿರುಗಿದರು. “ನಿನ್ನ ಪರದೆದೇ ಎಂತಾರೂ ದೋಷನನೇ ಕೂಸೆ?”

ಪರದೆಗೆ ಒಂದು ಖಾಲಿ ಬಿಳಿ ಚಿತ್ರ ಹಾಕಿ ತೋರಿಸಿದ್ದರೆ ಮುಗಿಯುತ್ತಿತ್ತು. ತೇಪೆ ಯಾರದೆಂದು ಕುರುಡರಿಗೂ ತಿಳಿಯುತ್ತಿತ್ತು. ನಾನು —

“ಪರದೆಗೆ ಎಂತಾ ಆಜಿಲ್ಲೆ ಅಪ್ಪಾ. ಇದ್ದದ್ದನ್ನ ಇದ್ದ ಹಂಗೇ ತೋರಿಸ್ತು.”

ಹೇಳಿ ಸ್ವಿಚ್ಚು ಆರಿಸಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಪಾಪ, ಅಪ್ಪ ಪ್ರಮಾಣಿಸಿಯೇ ನೋಡಿದರು, ನನ್ನನ್ನು ಕೇಳಿ. ತೊನ್ನಿದ್ದರೂ ಏನಾಯಿತು, ಅದೇನು ಮನುಷ್ಯನ ತಪ್ಪೇ ಎಂದು ಕೇಳಬಹುದಿತ್ತು. ಅದನ್ನೂ ಕೇಳಲಿಲ್ಲ. ನಮ್ಮವರ ಆ ಸಣ್ಣತನ ಆ ಹೊತ್ತಿಗೆ ನನಗೆ ಅನುಕೂಲವಾಗಿಯೇ ಇತ್ತು.

ಜಾತಕ ಕೂಡಲಿಲ್ಲ ಎಂದು ನಿಮಗೆ ಹೇಳಿ ಕಳಿಸಿದರು. ಬೇಡವೆಂದು ನೇರ ಹೇಳದೆ ಗ್ರಹಗಳ ಮೇಲೆ ಹಾಕುವುದು ನಮ್ಮಲ್ಲಿ ಮರ್ಯಾದೆ. ಕೂಡಿದ್ದ ಜಾತಕ ಮತ್ತೆ ಹೇಗೆ ಕೆಟ್ಟಿತು ಎಂದು ನೀವು ಎಷ್ಟು ತಲೆ ಕೆಡಿಸಿಕೊಂಡಿರೋ... ನಿಜವಾದ ಕಾರಣ ಅತ್ತೆಯ ಬಾಯಿಂದ ಉಮ್ಮಚಗಿಯ ನೆಂಟರ ಮನೆಗೆ ಹೋಯಿತು, ಅಲ್ಲಿಂದ ನಿಮ್ಮೂರಿಗೂ ಬಂತು. ಗಂಡುಗಳಿಗೆ ಹೆಣ್ಣು ಸಿಗುವುದೇ ಕಷ್ಟವಾಗಿರುವ ನಮ್ಮ ಸೀಮೆಯಲ್ಲಿ ಇಂಥ ಒಂದು ಮಾತು ಸಾಕು. ನಿಮಗೆ ಬೇರೆ ಸಂಬಂಧಗಳೂ ಬರುವುದು ನಿಂತಿತು ಎಂದು ಕೇಳಿದೆ. ಕೇಳಿಯೂ ಊಟ ಮಾಡಿದೆ, ನಿದ್ದೆ ಮಾಡಿದೆ.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಮಾದರಿಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ, ‘ಸಣ್ಣ ಸುಧಾರಣೆ’ ಎಂದು ಸಬೂಬು ಹೇಳಿ. ಎರಡೂ ಅಂಚಿನಿಂದ ವಿದ್ಯುತ್ತು ಕೊಟ್ಟೆ, ತಂತಿಗಳನ್ನು ಅಡ್ಡಡ್ಡ ಸೇರಿಸಿ ಬಲೆಯ ಹಾಗೆ ಹೆಣೆದೆ, ನೀಲಿಯ ದಾರಿಯನ್ನು ಅಗಲ ಮಾಡಿದೆ. ಬಣ್ಣ ಸಮ ಬಂತೇ ಎಂದು ನೋಡಲು ಒಂದು ಮುಖ ಬೇಕಿತ್ತು — ಮನುಷ್ಯನ ಮೈಬಣ್ಣದಲ್ಲಿ ದೋಷ ಬೇಗ ಕಾಣುತ್ತದೆ. ಆ ಕಾಲ್‌ನಲ್ಲಿ ತೆಗೆದಿಟ್ಟುಕೊಂಡ ನಿಮ್ಮ ಚಿತ್ರವನ್ನೇ ಹಾಕಿದೆ. ತಿಂಗಳುಗಟ್ಟಲೆ, ಹೊಸ ಮಾದರಿ ಬಂದಾಗೆಲ್ಲ, ನಿಮ್ಮ ಕೆನ್ನೆಯ ಹಳದಿ ಇಳಿಯುವುದನ್ನು, ತೇಪೆ ಕರಗುವುದನ್ನು ಕೂತು ನೋಡಿದೆ. ಕಡೆಗೊಂದು ದಿನ ನಿಮ್ಮ ಮುಖ ಇದ್ದ ಹಾಗೆ ಬಂತು. ಖುಷಿಯಿಂದ ಚಪ್ಪಾಳೆ ತಟ್ಟಿದ್ದೆ. ಕಂಪನಿಯವರೂ ಹೊಗಳಿದರು. ನಿಮಗೆ ಒಂದು ಫೋನ್ ಮಾಡಬೇಕೆಂದು ನನಗೆ ಹೊಳೆಯಲಿಲ್ಲ — ಇಲ್ಲ, ಹೊಳೆದಿತ್ತು. ಮಾಡಲಿಲ್ಲ.

ಮೊನ್ನೆ ಶಿರಸಿಯ ಬಿಡಿಭಾಗಗಳ ಅಂಗಡಿಯೆದುರು ಸಿಕ್ಕಿದಿರಿ. ಗಡ್ಡ ಬಿಟ್ಟಿದ್ದಿರಿ. ನೀವೇ ಗುರುತು ಹಿಡಿದು ಸುಮನಾಳನ್ನು ವಿಚಾರಿಸಿದಿರಿ. ಸಿದ್ದಾಪುರದಲ್ಲಿ ಗಂಡ, ಮಗು, ಎಲ್ಲ ಚೆನ್ನಾಗಿದ್ದಾರೆ ಎಂದೆ. ಮಾತಿಗೊಂದು ಮಾತು ಎಂದು ಗಡ್ಡ ಒಪ್ಪುತ್ತದೆ ಎಂದೂ ಹೇಳಿಬಿಟ್ಟೆ. ನೀವು ನಕ್ಕಿರಿ.

“ಡಾಕ್ಟ್ರು ಎಂತಾ ಇಲ್ಲೆ ಹೇಳ್ದ. ಆದ್ರೂ ಕನ್ನಡಿ ನೋಡ್ದಾಗೆಲ್ಲ ಯಂಗೇ ಕಲೆ ಕಂಡಾಂಗೆ ಆಗ್ತು.”

ಅಲ್ಲಿಂದ ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಹೆಣ್ಣು ತಪ್ಪಿಸಿದ್ದೆ, ಹೆಸರು ಕೆಡಿಸಿದ್ದೆ — ಅಷ್ಟು ಗೊತ್ತಿತ್ತು. ನಿಮ್ಮ ಮುಖವನ್ನೇ ನಿಮಗೆ ನಂಬಿಕೆಯಿಲ್ಲದಂತೆ ಮಾಡಿದ್ದೇನೆ ಎಂಬುದು ಅವತ್ತು ತಿಳಿಯಿತು.

ನಿನ್ನೆ ಸಿದ್ದಾಪುರಕ್ಕೆ ಹೋಗಿ ಸುಮನಾಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮಗುವಿನ ಬಟ್ಟೆ ಮಡಚುತ್ತಲೇ ಇದ್ದಳು. “ಆನು ಅವತ್ತು ಹೂಂ ಹೇಳವು ಹೇಳೇ ಕೂತಿದ್ದಿ ಅಕ್ಕಾ,” ಎಂದಳು. ಒಪ್ಪಿಗೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಹೊರಡುವಾಗ ಬಾಗಿಲವರೆಗೂ ಬರಲಿಲ್ಲ.

ನೀವೂ ನನಗೆ ಬೆನ್ನು ತಿರುಗಿಸಿದರೆ ಅದು ಸರಿಯೇ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಾಳೆ ಅತ್ತೆಯನ್ನು ಕೂರಿಸಿಕೊಂಡು ಯಾರ‍್ಯಾರಿಗೆ ಹೇಳಿದ್ದಾಳೆಂದು ಕೇಳುತ್ತೇನೆ. ಆ ಮನೆಗಳಿಗೆಲ್ಲ ಹೋಗುತ್ತೇನೆ, ಉಮ್ಮಚಗಿಯಿಂದ ಶುರುಮಾಡಿ. ಕಾಫಿ ಕೊಡುವ ಮೊದಲೇ, ಸುಳ್ಳು ಹೇಳಿದವಳು ನಾನು ಎಂದು ಹೇಳುತ್ತೇನೆ.